ಎರಡು ಬ್ರ್ಯಾಕೆಟ್ ಹಾಕದೆ ಸುಟ್ಟುಹೋದ ಚಿಕ್ಕಪ್ಪನ ಮೋಟರ್

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತು ನಾನು ಮಾಡಿದ ಒಂದು ತಪ್ಪಿನ ಕಥೆ ಹೇಳ್ತೀನಿ. ಆ ತಪ್ಪಿಗೆ ದುಡ್ಡು ಕೊಟ್ಟಿದ್ದು ಮಾತ್ರ ನಾನಲ್ಲ, ನಮ್ಮ ಚಿಕ್ಕಪ್ಪ.

ತಿಪಟೂರು ಕಡೆ ನಮ್ಮ ಚಿಕ್ಕಪ್ಪನದು ತೆಂಗಿನ ತೋಟ. ಒಂದೇ ಬೋರ್‌ವೆಲ್. ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಇನ್ನೂ ಆರು ಗಂಟೆ ಆಗಿರಲಿಲ್ಲ, ಫೋನ್ ಬಂತು. 'ಮೋಟ್ರು ಸುಟ್ಟೋಯ್ತು ಕಣೋ. ರಾತ್ರಿ ತ್ರೀ ಫೇಸ್ ಕೊಟ್ಟಿದ್ರು, ನೀರಿಲ್ದೆ ಓಡಿದೆ. ನಿನ್ ಡಬ್ಬಿ ಏನ್ ಮಾಡ್ತಿತ್ತು?' ಅಂದ್ರು. ಅವರು ಬೈಯಲಿಲ್ಲ, ಕೇಳಿದ್ರು ಅಷ್ಟೇ. ನನ್ನ ಹತ್ರ ಉತ್ತರ ಇರಲಿಲ್ಲ.

ಆ ಡಬ್ಬಿ ನಾನು ಮಾಡಿಕೊಟ್ಟಿದ್ದು. ಜನವರಿಯಲ್ಲಿ ಹೋಗಿ ಸ್ಟಾರ್ಟರ್ ಪಕ್ಕದಲ್ಲಿ ಕೂರಿಸಿ ಬಂದಿದ್ದೆ. ಅದಕ್ಕಿದ್ದ ಕೆಲಸ ಒಂದೇ: ಬೋರ್‌ನಲ್ಲಿ ನೀರು ಮುಗಿದ್ರೆ ಮೋಟರ್ ಆಫ್ ಮಾಡೋದು. ಸಬ್‌ಮರ್ಸಿಬಲ್ ಮೋಟರ್ ತಣ್ಣಗಿರೋದೇ ಸುತ್ತ ಇರುವ ನೀರಿನಿಂದ. ಒಳಗಿನ ಬೇರಿಂಗ್‌ಗಳಿಗೂ ನೀರೇ ಎಣ್ಣೆ ಇದ್ದ ಹಾಗೆ. ನೀರಿಲ್ಲದೆ ಓಡಿದ್ರೆ ಕಾದು ವೈಂಡಿಂಗ್ ಸುಡುತ್ತೆ. ಆಮೇಲೆ ಮೋಟರ್ ಎತ್ತೋ ಗಾಡಿ ಕರೆಸಿ, ಪೈಪ್‌ಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಮೋಟರ್ ಮೇಲೆತ್ತಿ, ರೀವೈಂಡಿಂಗ್‌ಗೆ ಕೊಡಬೇಕು. ಅದೂ ಬೇಸಿಗೆಯಲ್ಲಿ, ಎಲ್ಲರ ಮೋಟರೂ ಅಂಗಡಿ ಮುಂದೆ ಸಾಲಾಗಿ ಮಲಗಿರುವಾಗ. ಅಷ್ಟು ದಿನ ತೋಟಕ್ಕೆ ನೀರಿಲ್ಲ.

ಡಬ್ಬಿ ಕೆಲಸ ಮಾಡೋ ರೀತಿ ಸರಳ. ಮೋಟರ್‌ಗೆ ಹೋಗೋ ಒಂದು ವೈರ್ ಸುತ್ತ ಕರೆಂಟ್ ಅಳೆಯೋ ಒಂದು ಸುರುಳಿ, ಅಂದ್ರೆ ಸಿಟಿ. ಅದರಿಂದ ಬರೋ ಸಂಕೇತವನ್ನು ಒಂದು ಮೈಕ್ರೋಕಂಟ್ರೋಲರ್ ಓದುತ್ತೆ. ಅದು ಎಟಿಮೆಗಾ328ಪಿ ಅನ್ನೋ ಚಿಪ್. ಆರ್ಡುಯಿನೋ ಉನೋ ಬೋರ್ಡ್ ಮೇಲೆ ನೀವು ನೋಡಿರೋದೂ ಇದನ್ನೇ. 32 ಕೆಬಿ ಪ್ರೋಗ್ರಾಂ ಜಾಗ, 2 ಕೆಬಿ ರ‍್ಯಾಮ್, ಅಷ್ಟೇ. ನೀರು ಬರ್ತಿದ್ರೆ ಮೋಟರ್‌ಗೆ ಶ್ರಮ ಜಾಸ್ತಿ, ಕರೆಂಟ್ ಜಾಸ್ತಿ ಎಳೆಯುತ್ತೆ. ನೀರು ಮುಗಿದ್ರೆ ಶ್ರಮ ಇಲ್ಲ, ಕರೆಂಟ್ ಇಳಿಯುತ್ತೆ. ಹಿಂದಿನ ಬೇಸಿಗೆಯಲ್ಲಿ ಅಳೆದು ಇಟ್ಟುಕೊಂಡಿದ್ದೆ: ನನ್ನ ಸರ್ಕ್ಯೂಟ್‌ನಲ್ಲಿ ನೀರು ಇದ್ದಾಗ ರೀಡಿಂಗ್ ಸುಮಾರು 130, ಇಲ್ಲದಿದ್ದಾಗ ಸುಮಾರು 65. ಹಾಗಾಗಿ 85ಕ್ಕಿಂತ ಕೆಳಗೆ ಹೋದ್ರೆ ರಿಲೇ ಬಿಡಬೇಕು ಅಂತ ಲೆಕ್ಕ ಹಾಕಿದ್ದೆ.

ಈ 'ಆಫ್ ಮಾಡಬೇಕಾ ಬೇಡ್ವಾ' ಅನ್ನೋ ಭಾಗವನ್ನು ನಾನು ಅಸೆಂಬ್ಲಿಯಲ್ಲಿ ಬರೆದಿದ್ದೆ. ಅಂದ್ರೆ ಚಿಪ್‌ನ ಒಂದೊಂದು ಸೂಚನೆಯನ್ನೂ ನಾವೇ ಸಾಲುಸಾಲಾಗಿ ಬರೆಯೋದು. ಅದರ ಅಗತ್ಯ ಇತ್ತಾ? ನಿಜ ಹೇಳಬೇಕು ಅಂದ್ರೆ ಇರಲಿಲ್ಲ. ಆಗಷ್ಟೇ ಕಲಿತಿದ್ದೆ, ಶೋಕಿ. ಉಳಿದದ್ದೆಲ್ಲ ಸಿ ಭಾಷೆಯಲ್ಲಿತ್ತು. ಎರಡೂ ಫೈಲ್‌ಗಳಿಗೆ ಬೇಕಾದ ಸಂಖ್ಯೆಗಳನ್ನು ಒಂದು ಹೆಡರ್ ಫೈಲ್‌ನಲ್ಲಿ ಮ್ಯಾಕ್ರೊಗಳಾಗಿ ಇಟ್ಟಿದ್ದೆ.

ಮ್ಯಾಕ್ರೊ ಅಂದ್ರೇನು? ನಿಮ್ಮ ಫೋನ್ ಕೀಬೋರ್ಡ್‌ನಲ್ಲಿ ಶಾರ್ಟ್‌ಕಟ್ ಇಟ್ಟುಕೊಂಡಿರ್ತೀರಲ್ಲ, 'ಮನೆ' ಅಂತ ಟೈಪ್ ಮಾಡಿದ್ರೆ ಪೂರ್ತಿ ವಿಳಾಸ ಬಂದು ಕೂರುತ್ತೆ, ಅದೇ. ಹ್ಯಾಶ್ ಡಿಫೈನ್ ಅಂತ ಬರೆದು ಒಂದು ಹೆಸರು, ಅದರ ಮುಂದೆ ಒಂದಿಷ್ಟು ಅಕ್ಷರ. ಆ ಹೆಸರು ಎಲ್ಲೆಲ್ಲಿ ಬರುತ್ತೋ ಅಲ್ಲೆಲ್ಲ ಆ ಅಕ್ಷರಗಳನ್ನು ತಂದು ಅಂಟಿಸೋದು ಪ್ರಿಪ್ರೊಸೆಸರ್ ಅನ್ನೋ ಪ್ರೋಗ್ರಾಂ. ಕೀಬೋರ್ಡ್‌ಗೆ ನಿಮ್ಮ ಮನೆ ಎಲ್ಲಿದೆ ಅಂತ ಗೊತ್ತಾ? ಇಲ್ಲ. ಹಾಗೇ ಪ್ರಿಪ್ರೊಸೆಸರ್‌ಗೂ ತಾನು ಅಂಟಿಸ್ತಿರೋದು ಸಂಖ್ಯೆಯೋ ಲೆಕ್ಕವೋ ಗೊತ್ತಿಲ್ಲ. ಅದು ಅಂಟಿಸಿ ಮುಗಿಸಿದ ಮೇಲೆ ಆ ಪಠ್ಯವನ್ನು ಅಸೆಂಬ್ಲರ್ ಓದಿ ಚಿಪ್‌ನ ಭಾಷೆಗೆ ತರುತ್ತೆ. ಕೊನೆಗೆ ಲಿಂಕರ್ ಎಲ್ಲ ಫೈಲ್‌ಗಳನ್ನು ಜೋಡಿಸುತ್ತೆ. ಅಂದ್ರೆ ನಾವು ಬರೆದ ಒಂದು ಫೈಲ್ ಮೂರು ಜನರ ಕೈ ದಾಟಿ ಚಿಪ್‌ಗೆ ಹೋಗುತ್ತೆ. ಈ ಮೂರು ಜನ ಇರೋದನ್ನು ನೆನಪಿಟ್ಟುಕೊಳ್ಳಿ, ಇವತ್ತಿನ ಕಥೆಯೆಲ್ಲ ಅವರದೇ.

ಸರಿ, ಊರಿಗೆ ಹೋದೆ. ಡಬ್ಬಿ ಬಿಚ್ಚಿಕೊಂಡು ಬಂದು ಮೇಜಿನ ಮೇಲಿಟ್ಟೆ. ಮೊದಲ ಅನುಮಾನ ರಿಲೇ ಮೇಲೆ. ಕಾಂಟ್ಯಾಕ್ಟ್ ಅಂಟಿಕೊಂಡಿರಬೇಕು ಅಂದುಕೊಂಡೆ. ಇಲ್ಲ, ಟಕ್ ಟಕ್ ಅಂತ ಸರಿಯಾಗೇ ಬಡಿಯುತ್ತೆ. ಆಮೇಲೆ ಸಿಟಿ. ಅದೂ ಸರಿ. ಸಿಟಿ ಜಾಗದಲ್ಲಿ ಒಂದು ಪೊಟೆನ್ಶಿಯೋಮೀಟರ್ ಹಾಕಿ, ತಿರುಗಿಸಿ ಸೊನ್ನೆಗೆ ತಂದೆ. ರಿಲೇ ಬಿಡ್ತು! ಜನವರಿಯಲ್ಲಿ ಟೆಸ್ಟ್ ಮಾಡಿದ್ದೂ ಹೀಗೇ. ಡಬ್ಬಿ ಪಾಸ್. ಹಾಗಾದ್ರೆ ತೋಟದಲ್ಲಿ ಯಾಕೆ ಬಿಡಲಿಲ್ಲ?

ಆಮೇಲೆ ಪ್ರೋಗ್ರಾಂ ಕಡೆ ತಿರುಗಿದೆ. ಸೀರಿಯಲ್‌ನಲ್ಲಿ ಮೌಲ್ಯಗಳನ್ನು ಪ್ರಿಂಟ್ ಮಾಡಿಸಿದೆ. ನಾರ್ಮಲ್ ಅನ್ನೋ ಮ್ಯಾಕ್ರೊ 130 ಅಂತ ತೋರಿಸ್ತು. ಡ್ರಾಪ್ ಅನ್ನೋ ಮ್ಯಾಕ್ರೊ, ಅಂದ್ರೆ ಎಷ್ಟು ಇಳಿದ್ರೆ ಆಫ್ ಮಾಡಬೇಕು ಅನ್ನೋದು, 45 ಅಂತ ತೋರಿಸ್ತು. 130ರಲ್ಲಿ 45 ಹೋದ್ರೆ 85. ಲೆಕ್ಕ ಸರಿ ಇದೆ ಅಂತ ತಲೆ ಕೆರ್ಕೊಂಡು ಎರಡು ರಾತ್ರಿ ಕಳೆದೆ. ಗಮನಿಸಿ, ಆ ಕೊನೆಯ ಕಳೆಯೋ ಲೆಕ್ಕ ಮಾಡಿದ್ದು ಚಿಪ್ ಅಲ್ಲ, ನಾನು. ನನ್ನ ತಲೆಯಲ್ಲಿ.

ಮೂರನೇ ದಿನ ಬೇರೆ ದಾರಿ ಹಿಡಿದೆ. ನಾನು ಬರೆದದ್ದನ್ನು ಓದೋದು ಬಿಟ್ಟು, ಚಿಪ್‌ಗೆ ಹೋಗಿರೋದನ್ನು ಓದೋಣ ಅಂತ. ಎವಿಆರ್-ಆಬ್ಜ್‌ಡಂಪ್ ಅಂತ ಒಂದು ಟೂಲ್ ಇದೆ. ತಯಾರಾದ ಪ್ರೋಗ್ರಾಂ ಕೊಟ್ಟು ಮೈನಸ್ ಡಿ ಅಂದ್ರೆ, ಒಳಗಿರೋ ಸೂಚನೆಗಳನ್ನೆಲ್ಲ ಮತ್ತೆ ಅಸೆಂಬ್ಲಿಯಾಗಿ ಬರೆದು ತೋರಿಸುತ್ತೆ. ನನ್ನ ಸಾಲು ಹುಡುಕಿದೆ. ಸಿಪಿಐ ಅನ್ನೋ ಸೂಚನೆ, ಅಂದ್ರೆ ರೀಡಿಂಗನ್ನು ಒಂದು ಸಂಖ್ಯೆ ಜೊತೆ ಹೋಲಿಸು ಅಂತ. ಪಕ್ಕದಲ್ಲಿ 55 ಕಾಣಿಸ್ತು. ನೋಡಿ ನನ್ನ ಗ್ರಹಚಾರ: 85ನ್ನು ಹೆಕ್ಸಾಡೆಸಿಮಲ್‌ನಲ್ಲಿ ಬರೆದ್ರೆ 55! 'ಓ, ಸರಿಯಾಗೇ ಇದೆ' ಅಂದುಕೊಂಡು ಮುಂದಿನ ಸಾಲಿಗೆ ಹೋಗಿಬಿಟ್ಟೆ. ಚಹಾ ಕುಡಿದು ಬಂದು ಮತ್ತೆ ನೋಡಿದಾಗ ಕಣ್ಣಿಗೆ ಬಿತ್ತು. ಹೆಕ್ಸ್‌ನಲ್ಲಿ ಇದ್ದದ್ದು 37. ಪಕ್ಕದ 55 ಅದರ ದಶಮಾಂಶ ರೂಪ. ಅಂದ್ರೆ ಚಿಪ್ ಹೋಲಿಸ್ತಿದ್ದದ್ದು 85ರ ಜೊತೆ ಅಲ್ಲ, ನಿಜವಾದ ಐವತ್ತೈದರ ಜೊತೆ.

ನೀರಿಲ್ಲದಾಗ ರೀಡಿಂಗ್ 65. ಅದು 55ಕ್ಕಿಂತ ಕೆಳಗೆ ಯಾವತ್ತೂ ಹೋಗಲ್ಲ. ಡಬ್ಬಿ ರಾತ್ರಿಯಿಡೀ ನಿಷ್ಠೆಯಿಂದ ಕೆಲಸ ಮಾಡಿದೆ, ನೋಡಿದೆ, ಹೋಲಿಸಿದೆ, 'ಎಲ್ಲ ಸರಿಯಿದೆ' ಅಂತ ತೀರ್ಮಾನಿಸಿದೆ. ಮೇಜಿನ ಮೇಲೆ ನಾನು ಸೊನ್ನೆಗೆ ತಂದಾಗ ಮಾತ್ರ ಅದಕ್ಕೆ 55ಕ್ಕಿಂತ ಕಡಿಮೆ ಸಿಕ್ಕಿದ್ದು.

ಈ 55 ಎಲ್ಲಿಂದ ಬಂತು? ಈಗ ಮೊದಲನೆಯವನನ್ನು ಕೇಳಬೇಕು, ಪ್ರಿಪ್ರೊಸೆಸರನ್ನು. ಎವಿಆರ್-ಜಿಸಿಸಿಗೆ ಚಿಪ್ ಹೆಸರು, ಫೈಲ್ ಹೆಸರು ಕೊಟ್ಟು ಮೈನಸ್ ಕ್ಯಾಪಿಟಲ್ ಇ ಅಂತ ಸೇರಿಸಿದ್ರೆ, ಅದು ಅಂಟಿಸೋ ಕೆಲಸ ಮುಗಿಸಿ ಅಲ್ಲಿಗೇ ನಿಲ್ಲುತ್ತೆ, ಅಂಟಿಸಿದ ಪಠ್ಯ ತೋರಿಸುತ್ತೆ. ನನ್ನ ಸಾಲು ಹೀಗಿತ್ತು: 130 - 60 - 15.

ಹೆಡರ್ ಫೈಲ್ ತೆಗೆದು ನೋಡಿದೆ. ನೀರು ಮುಗಿದ್ರೆ ರೀಡಿಂಗ್ ಸುಮಾರು 60 ಇಳಿಯುತ್ತೆ, ವೋಲ್ಟೇಜ್ ಏರಿಳಿತಕ್ಕೆ ಅಂತ 15 ಬಿಡೋಣ ಅಂತ, ಡ್ರಾಪ್ ಮ್ಯಾಕ್ರೊ ಮುಂದೆ 60 - 15 ಅಂತ ಬರೆದಿದ್ದೆ. ಸುತ್ತ ಬ್ರ್ಯಾಕೆಟ್ ಇಲ್ಲ. ಅಸೆಂಬ್ಲಿ ಸಾಲಿನಲ್ಲಿ ನಾರ್ಮಲ್ - ಡ್ರಾಪ್ ಅಂತಿತ್ತು. ನನ್ನ ತಲೆಯಲ್ಲಿ 130ರಲ್ಲಿ 45 ಕಳೀಬೇಕು. ಪ್ರಿಪ್ರೊಸೆಸರ್ ಕಳೆಯಲ್ಲ, ಅಂಟಿಸುತ್ತೆ. 130ರಲ್ಲಿ 60 ಹೋಯ್ತು, ಆಮೇಲೆ 15ನ್ನು ಕೂಡೋ ಬದಲು ಅದನ್ನೂ ಕಳೀತು. ಡ್ರಾಪ್ ಒಂದನ್ನೇ ಪ್ರಿಂಟ್ ಮಾಡಿದಾಗ 45 ಅಂತ ಸರಿಯಾಗಿ ಬಂದಿದ್ದೂ ಇದಕ್ಕೇ. ಒಂಟಿಯಾಗಿದ್ದಾಗ ಸರಿ, ಮುಂದೊಂದು ಮೈನಸ್ ಬಂದ್ರೆ ತಪ್ಪು.

ರಿಪೇರಿ ಎರಡು ಅಕ್ಷರ. ಬ್ರ್ಯಾಕೆಟ್ ಶುರು, ಬ್ರ್ಯಾಕೆಟ್ ಮುಗಿಸು. ಸಿ ಕಲಿಸುವಾಗ ಮೊದಲ ವಾರದಲ್ಲೇ ಹೇಳಿಕೊಡ್ತಾರೆ: ಮ್ಯಾಕ್ರೊದಲ್ಲಿ ಲೆಕ್ಕ ಇದ್ರೆ ಬ್ರ್ಯಾಕೆಟ್ ಹಾಕು ಅಂತ. ನನಗೂ ಗೊತ್ತಿತ್ತು. ಗೊತ್ತಿದ್ದೂ ಮೋಟರ್ ಸುಟ್ಟೆ.

ಆಮೇಲೆ ಭಯ ಶುರುವಾಯ್ತು. ಇದೊಂದೇನಾ, ಇನ್ನೂ ಇದಾವಾ? ಕೂತು ಆ ಮೂರು ಜನರ ಸ್ವಭಾವವನ್ನು ಒಂದೊಂದಾಗಿ ಓದಿಕೊಂಡೆ. ತಪ್ಪುಗಳಲ್ಲಿ ಎರಡು ಜಾತಿ. ಕೆಲವು ಕೂಗುತ್ತವೆ, ಅಂದ್ರೆ ಎರರ್ ಬರುತ್ತೆ. ಅವು ಒಳ್ಳೆಯವು. ಕೆಲವು ಬಾಯೇ ಬಿಡಲ್ಲ, ಪ್ರೋಗ್ರಾಂ ತಯಾರಾಗುತ್ತೆ, ಚಿಪ್‌ಗೂ ಹೋಗುತ್ತೆ. ನೀವು ಎವಿಆರ್ ಚಿಪ್‌ಗೆ ಅಸೆಂಬ್ಲಿ ಬರೆಯೋರಾದ್ರೆ, ಹೆಚ್ಚಾಗಿ ಕಾಡೋವು ಇವು.

ಒಂದು, ಫೈಲ್ ಹೆಸರು. ಅಸೆಂಬ್ಲಿ ಫೈಲ್‌ನ ಕೊನೆಯಲ್ಲಿ ಚುಕ್ಕಿ ಎಸ್ ಇರುತ್ತೆ. ಅದು ಕ್ಯಾಪಿಟಲ್ ಎಸ್ ಆದ್ರೆ ಜಿಸಿಸಿ ಮೊದಲು ಪ್ರಿಪ್ರೊಸೆಸರ್‌ಗೆ ಕೊಡುತ್ತೆ. ಸ್ಮಾಲ್ ಎಸ್ ಆದ್ರೆ ಕೊಡಲ್ಲ, ನೇರ ಅಸೆಂಬ್ಲರ್‌ಗೆ. ಆಗ ನಿಮ್ಮ ಹ್ಯಾಶ್ ಡಿಫೈನ್, ಹ್ಯಾಶ್ ಇನ್‌ಕ್ಲೂಡ್ ಗತಿ ಏನು? ಹ್ಯಾಶ್‌ನಿಂದ ಶುರುವಾಗೋ ಸಾಲು ಈ ಅಸೆಂಬ್ಲರ್‌ಗೆ ಕಾಮೆಂಟ್. ಆ ಸಾಲುಗಳ ಬಗ್ಗೆ ಅದು ಚಕಾರ ಎತ್ತಲ್ಲ. ಎಲ್ಲೋ ಕೆಳಗೆ, ಈ ಹೆಸರು ಗೊತ್ತಿಲ್ಲ ಅಂತ ಬೇರೆ ಸಾಲಿನ ಬಗ್ಗೆ ದೂರು ಬರುತ್ತೆ. ನಾವು ಆ ಸಾಲನ್ನೇ ದಿಟ್ಟಿಸ್ತಾ ಕೂರ್ತೀವಿ, ತಪ್ಪು ಇರೋದು ಫೈಲ್ ಹೆಸರಲ್ಲಿ.

ಎರಡು, ಸೆಮಿಕೋಲನ್. ಹ್ಯಾಶ್ ಡಿಫೈನ್‌ನಲ್ಲಿ ನಾಲ್ಕು ಸೂಚನೆಗಳನ್ನು ಸೇರಿಸಿ ಒಂದು ಮ್ಯಾಕ್ರೊ ಮಾಡ್ತೀವಿ, ಸಾಲಿನ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಹಾಕಿ ಮುಂದುವರಿಸ್ತೀವಿ. ನಮಗೆ ನಾಲ್ಕು ಸಾಲಾಗಿ ಕಂಡ್ರೂ ಪ್ರಿಪ್ರೊಸೆಸರ್ ಅದನ್ನು ಒಂದೇ ಸಾಲಾಗಿ ಅಂಟಿಸುತ್ತೆ. ಮಧ್ಯೆ ಬೇರ್ಪಡಿಸೋಕೆ ಸೆಮಿಕೋಲನ್ ಹಾಕಿದ್ರೆ? ಇಂಟೆಲ್ ಚಿಪ್‌ಗಳ ಗ್ನೂ ಅಸೆಂಬ್ಲರ್‌ನಲ್ಲಿ ಅದು ನಡೆಯುತ್ತೆ. ಎವಿಆರ್‌ನಲ್ಲಿ ಸೆಮಿಕೋಲನ್ ಅಂದ್ರೆ ಕಾಮೆಂಟ್ ಶುರು. ಮೊದಲ ಸೂಚನೆ ಮಾತ್ರ ಉಳಿಯುತ್ತೆ, ಮಿಕ್ಕ ಮೂರು ಮಾಯ. ಎರರ್ ಇಲ್ಲ. ಇಲ್ಲಿ ಸೂಚನೆ ಬೇರ್ಪಡಿಸೋ ಗುರುತು ಡಾಲರ್ ಚಿಹ್ನೆ. ಅದಕ್ಕಿಂತ ಒಳ್ಳೆಯದು, ಹಲವು ಸೂಚನೆಗಳಿದ್ರೆ ಅಸೆಂಬ್ಲರ್‌ನದೇ ಆದ ಡಾಟ್ ಮ್ಯಾಕ್ರೊ ಬಳಸೋದು. ಅದರಲ್ಲಿ ಸಾಲುಗಳು ಸಾಲುಗಳಾಗೇ ಇರ್ತವೆ.

ಮೂರು, ಪೋರ್ಟ್‌ನ ವಿಳಾಸ. ಇದು ನನಗೆ ಬಹಳ ಇಷ್ಟವಾದ ಬಲೆ. ಎಟಿಮೆಗಾ328ಪಿಯಲ್ಲಿ ಪೋರ್ಟ್ ಬಿಗೆ ಎರಡು ವಿಳಾಸ. ಇನ್, ಔಟ್ ಅನ್ನೋ ಸೂಚನೆಗಳಿಗೆ ಅದು 5. ಮೆಮೊರಿಯ ಲೆಕ್ಕದಲ್ಲಿ ಅದಕ್ಕೆ ಹೆಕ್ಸ್ 20 ಸೇರಿ, ಹೆಕ್ಸ್ 25. ಹೆಡರ್ ಫೈಲ್‌ನಲ್ಲಿರೋ ಪೋರ್ಟ್‌ಬಿ ಅನ್ನೋ ಮ್ಯಾಕ್ರೊ ಕೊಡೋದು ಎರಡನೆಯದನ್ನು. ನೀವು ಎಸ್‌ಬಿಐ ಸೂಚನೆಯಲ್ಲಿ ಹಾಗೇ ಬಳಸಿದ್ರೆ, ಅದಕ್ಕೆ 31ರವರೆಗಿನ ವಿಳಾಸ ಮಾತ್ರ ಸಾಧ್ಯ. ಹೆಕ್ಸ್ 25 ಅಂದ್ರೆ 37, ಮಿತಿ ಮೀರಿತು ಅಂತ ಕೂಗುತ್ತೆ. ಬಚಾವ್. ಆದ್ರೆ ಔಟ್ ಸೂಚನೆಗೆ 63ರವರೆಗೂ ಸರಿ. ಅದು ಸುಮ್ಮನೆ ಒಪ್ಪಿಕೊಳ್ಳುತ್ತೆ. ಆ ಲೆಕ್ಕದಲ್ಲಿ ಹೆಕ್ಸ್ 25ರಲ್ಲಿ ಇರೋದು ಯಾರು? ಟಿಸಿಸಿಆರ್0ಬಿ, ಟೈಮರ್ ಸೊನ್ನೆಯ ನಿಯಂತ್ರಣ. ನೀವು ದೀಪ ಹಚ್ಚೋಕೆ ಹೋಗ್ತೀರಿ, ಗಡಿಯಾರ ಕೆಡುತ್ತೆ. ಪರಿಹಾರ: ಅಂಡರ್‌ಸ್ಕೋರ್ ಎಸ್‌ಎಫ್‌ಆರ್ ಐಒ ಎಡಿಡಿಆರ್ ಅನ್ನೋ ಮ್ಯಾಕ್ರೊ ಒಳಗೆ ಪೋರ್ಟ್ ಹೆಸರು ಹಾಕಿ, ಅದು ಹೆಕ್ಸ್ 20ನ್ನು ಕಳೆದು ಕೊಡುತ್ತೆ.

ನಾಲ್ಕು, ಲೆಕ್ಕದ ಕ್ರಮ. ಇದನ್ನು ಓದಿದಾಗ ನನಗೆ ನಿದ್ದೆ ಬರಲಿಲ್ಲ. ಸಿ ಭಾಷೆಯಲ್ಲಿ ಮೊದಲು ಕೂಡೋದು, ಆಮೇಲೆ ಬಿಟ್‌ಗಳ ಆಂಡ್. ಗ್ನೂ ಅಸೆಂಬ್ಲರ್‌ನಲ್ಲಿ ಉಲ್ಟಾ: ಮೊದಲು ಆಂಡ್, ಆಮೇಲೆ ಕೂಡೋದು. ಒಂದು ಮ್ಯಾಕ್ರೊದಲ್ಲಿ 12 + 5 ಆಂಡ್ 3 ಅಂತ ಬ್ರ್ಯಾಕೆಟ್ ಇಲ್ಲದೆ ಬರೆದಿದ್ದೀರಿ ಅಂದುಕೊಳ್ಳಿ. ಸಿ ಫೈಲ್‌ನಲ್ಲಿ ಉತ್ತರ 1. ಅಸೆಂಬ್ಲಿ ಫೈಲ್‌ನಲ್ಲಿ ಅದೇ ಮ್ಯಾಕ್ರೊ, ಅದೇ ಹೆಡರ್, ಉತ್ತರ 13. ಸಿಯಲ್ಲಿ ಪ್ರಿಂಟ್ ಮಾಡಿ ನೋಡಿದ್ದೀನಿ ಅನ್ನೋ ಧೈರ್ಯ ಇಲ್ಲಿ ಕೆಲಸಕ್ಕೆ ಬರಲ್ಲ. ಹೊರಗಷ್ಟೇ ಅಲ್ಲ, ಒಳಗೂ ಬ್ರ್ಯಾಕೆಟ್ ಹಾಕಬೇಕು.

ಐದು, ಹೆಸರಿನ ಕಾಗುಣಿತ. ಹ್ಯಾಶ್ ಇಫ್ ಅಂತ ಬರೆದು, ಒಂದು ಆಯ್ಕೆ ಆನ್ ಇದ್ರೆ ಮಾತ್ರ ಈ ಭಾಗ ಸೇರಿಸು ಅಂತ ಹೇಳ್ತೀವಿ. ಹೆಸರಲ್ಲಿ ಒಂದು ಅಕ್ಷರ ತಪ್ಪಿದ್ರೆ ಪ್ರಿಪ್ರೊಸೆಸರ್ ಆ ಹೆಸರು ಗೊತ್ತಿಲ್ಲ ಅನ್ನಲ್ಲ, ಅದರ ಬೆಲೆ ಸೊನ್ನೆ ಅಂತ ಇಟ್ಟುಕೊಳ್ಳುತ್ತೆ. ಇಡೀ ಭಾಗ ಪ್ರೋಗ್ರಾಂನಿಂದ ಕಾಣೆ. ಕಂಪೈಲ್ ಮಾಡುವಾಗ ಮೈನಸ್ ಡಬ್ಲ್ಯು ಅಂಡೆಫ್ ಅನ್ನೋ ಆಯ್ಕೆ ಹಾಕಿದ್ರೆ ಎಚ್ಚರಿಸುತ್ತೆ. ಹಾಕಿಕೊಳ್ಳಿ, ಖರ್ಚಿಲ್ಲ.

ಇನ್ನೊಂದು ಕಿವಿಮಾತು. ಅಸೆಂಬ್ಲಿಯಲ್ಲಷ್ಟೇ ಬೇಕಾಗೋ ಸಂಖ್ಯೆಗಳಿಗೆ ಹ್ಯಾಶ್ ಡಿಫೈನ್ ಬದಲು ಡಾಟ್ ಈಕ್ಯೂಯು ಬಳಸಬಹುದು. ಅದು ಅಂಟಿಸಲ್ಲ, ಲೆಕ್ಕ ಮಾಡಿ ಬೆಲೆಯನ್ನು ಇಟ್ಟುಕೊಳ್ಳುತ್ತೆ. ನನ್ನ 60 - 15 ಅಲ್ಲಿ ಇದ್ದಿದ್ರೆ 45 ಆಗೇ ಇರ್ತಿತ್ತು. ಆದ್ರೆ ಆ ಹೆಸರು ಸಿ ಫೈಲ್‌ಗೂ ಹ್ಯಾಶ್ ಇಫ್‌ಗೂ ಕಾಣಲ್ಲ, ಅದು ತಿಳಿದಿರಲಿ.

ಈಗ ನನ್ನ ಕ್ರಮ ಹೀಗಿದೆ. ಮ್ಯಾಕ್ರೊ ಮೇಲೆ ಅನುಮಾನ ಬಂದ್ರೆ ನನ್ನ ಫೈಲನ್ನು ಮತ್ತೆ ಮತ್ತೆ ಓದಲ್ಲ, ಯಾಕಂದ್ರೆ ಅದರಲ್ಲಿ ನನಗೆ ಕಾಣೋದು ನಾನು ಅಂದುಕೊಂಡಿರೋದೇ. ಮೊದಲು ಮೈನಸ್ ಕ್ಯಾಪಿಟಲ್ ಇ ಹಾಕಿ, ಏನು ಅಂಟಿಸಿದೆ ಅಂತ ನೋಡ್ತೀನಿ. ಆಮೇಲೆ ಆಬ್ಜ್‌ಡಂಪ್‌ನಲ್ಲಿ ಚಿಪ್‌ಗೆ ಹೋದ ಸಂಖ್ಯೆ ನೋಡ್ತೀನಿ, ಹೆಕ್ಸ್ ಯಾವುದು ದಶಮಾಂಶ ಯಾವುದು ಅಂತ ಬೆರಳಿಟ್ಟು ನೋಡ್ತೀನಿ. ಸೂಚನೆಗಳ ಎಣಿಕೆ ಸರಿಯಿದೆಯಾ, ಯಾವುದಾದ್ರೂ ಮಾಯವಾಗಿದೆಯಾ ಅಂತ ಎಣಿಸ್ತೀನಿ. ಕೊನೆಗೆ ಟೆಸ್ಟ್. ಸೊನ್ನೆಗೆ ತಂದು ನೋಡೋದು ಟೆಸ್ಟ್ ಅಲ್ಲ. ನಿಜವಾಗಿ ತೊಂದರೆ ಆಗೋ ಜಾಗದಲ್ಲಿ, ನನ್ನ ವಿಷಯದಲ್ಲಿ 65ರಲ್ಲಿ, ಇಟ್ಟು ನೋಡಬೇಕು. ಜನವರಿಯಲ್ಲಿ ಆ ಪೊಟೆನ್ಶಿಯೋಮೀಟರನ್ನು 65ರಲ್ಲಿ ನಿಲ್ಲಿಸಿದ್ದಿದ್ರೆ ಒಂದು ನಿಮಿಷದಲ್ಲಿ ಗೊತ್ತಾಗ್ತಿತ್ತು.

ಸರಿ ಮಾಡಿದ ಡಬ್ಬಿ ಹಿಡ್ಕೊಂಡು ಊರಿಗೆ ಹೋದೆ. ಮೋಟರ್ ರೀವೈಂಡಿಂಗ್ ಆಗಿ ಬಂದಿತ್ತು, ಇನ್ನೂ ಬೋರ್‌ಗೆ ಇಳಿಸಿರಲಿಲ್ಲ. ಚಿಕ್ಕಪ್ಪ ಜಗುಲಿ ಮೇಲೆ ಕೂತಿದ್ರು. 'ಏನಾಗಿತ್ತಂತೆ?' ಅಂದ್ರು. ರಿಲೇ ಕೆಟ್ಟಿತ್ತು ಅಂತ ಹೇಳಿಬಿಡಬಹುದಿತ್ತು, ಅವರು ನಂಬ್ತಿದ್ರು. ಆ ಮಾತು ಬಾಯಿ ತುದಿಗೂ ಬಂದಿತ್ತು. ಹೇಳಲಿಲ್ಲ. ಒಂದು ಕಾಗದ ತಗೊಂಡು 130 ಬರೆದೆ, ಪಕ್ಕದಲ್ಲಿ 60, 15. ಬ್ರ್ಯಾಕೆಟ್ ಹಾಕಿ ಒಂದು ಸಲ, ಹಾಕದೆ ಒಂದು ಸಲ. ಅವರು ಕನ್ನಡಕ ಏರಿಸಿ ನೋಡಿದ್ರು. ಜೀವನವಿಡೀ ಕಾಯಿ ಲೆಕ್ಕ ಬರೆದವರು, ಅವರಿಗೆ ವಿವರಿಸಬೇಕಾಗಲಿಲ್ಲ. 'ಕಳೆಯೋದ್ರಲ್ಲಿ ಕಳೆಯೋದು ಬಂದ್ರೆ ಕೂಡ್ಬೇಕಲ್ಲಪ್ಪ' ಅಂದ್ರು. ಹೌದು ಚಿಕ್ಕಪ್ಪ ಅಂದೆ. 'ಇಷ್ಟಕ್ಕೆ ಮೋಟ್ರು ಹೋಯ್ತಾ?' ಅಂದ್ರು. ಅದಕ್ಕೂ ಹೌದು ಅಂದೆ.

ರೀವೈಂಡಿಂಗ್ ದುಡ್ಡಲ್ಲಿ ಅರ್ಧ ಕೊಡ್ತೀನಿ ಅಂದೆ, ಬೇಡ ಅಂದ್ರು. ಚಿಕ್ಕಮ್ಮನ ಕೈಲಿ ಕೊಟ್ಟು ಬಂದೆ. ಡಬ್ಬಿಯನ್ನು ಮತ್ತೆ ಹಾಕಿಸಿಕೊಳ್ತಾರೋ ಇಲ್ವೋ ಅನ್ನೋದೇ ನನಗಿದ್ದ ಭಯ. ಮೋಟರ್ ಇಳಿಸಿದ ದಿನ ಅವರೇ ಕರೆದು, 'ಹಾಕು, ಆದ್ರೆ ನನ್ ಎದುರಿಗೆ ಆಫ್ ಮಾಡಿ ತೋರ್ಸು' ಅಂದ್ರು. ಸಿಟಿ ಜಾಗದಲ್ಲಿ ಪೊಟೆನ್ಶಿಯೋಮೀಟರ್ ಸೇರಿಸಿ, ನಿಧಾನವಾಗಿ ಇಳಿಸಿದೆ. 100, 90, 86. 84ಕ್ಕೆ ಬಂದಾಗ ಟಕ್ ಅಂತು. ಇನ್ನೊಂದ್ಸಲ ಅಂದ್ರು. ಮತ್ತೆ ಟಕ್ ಅಂತು. ತಲೆ ಆಡಿಸಿ ಎದ್ದು ಹೋದ್ರು.

ನಿಮ್ಮ ಪ್ರಾಜೆಕ್ಟ್‌ನಲ್ಲೂ ಬರೀ ಒಂದು ಎಲ್‌ಇಡಿ ಮಿನುಗೋ ಹಂತ ದಾಟಿ, ಯಾರದೋ ಮೋಟರ್, ಯಾರದೋ ಬೆಳೆ ಅದಕ್ಕೆ ತಗುಲಿಕೊಳ್ಳೋ ದಿನ ಬರುತ್ತೆ. ಅದಕ್ಕೆ ಮುಂಚೆ ಒಂದು ಸಲ ಆ ಆಬ್ಜ್‌ಡಂಪ್ ತೆಗೆದು ನೋಡಿ. ಇವತ್ತಿಗೆ ಇಷ್ಟು.